ಮತದಾನದಲ್ಲಿ ಪಾತ್ರವಿಚಾರ

ದಾನವೆಂದೊಡನೆ ಪಾತ್ರವಿಚಾರ ಬರುತ್ತದೆ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನ ಭಾವ ಇವುಗಳಷ್ಟೇ ಪಡೆಯುವವನ ಯೋಗ್ಯತೆಯೂ ಮುಖ್ಯವೆಂದು ಶ್ರಾವಕಾಚಾರ ಗ್ರಂಥಗಳು ಹೇಳಿ, ಸುಪಾತ್ರ, ಕುಪಾತ್ರ, ಅಪಾತ್ರ ಎಂಬ ವಿಂಗಡಣೆಯನ್ನೂ ಮಾಡಿಕೊಟ್ಟಿವೆ. ಕನ್ನಡದಲ್ಲಿ ಮತವನ್ನು ಸಹ ದಾನವೆಂದೇ ಕರೆಯುವುದು ರೂಢಿ. ಆದರೆ ಮುನಿಗಳನ್ನು ಆಹಾರಕ್ಕೆ ಪಡಗಾಹನ ಮಾಡುವಾಗ ಶ್ರಾವಕನ ಮನೆಯಲ್ಲಿ ಇರುವ ಎಚ್ಚರದ ನೂರರಲ್ಲೊಂದು ಪಾಲಾದರೂ ಮತಗಟ್ಟೆಯಲ್ಲಿ ಇರುತ್ತದೆಯೇ ಎಂದು ಕೇಳಿದರೆ, ಇಲ್ಲವೆಂದೇ ಉತ್ತರ.

ಚಿಕ್ಕೋಡಿ ತಾಲೂಕಿನ ಕಬ್ಬೂರಿನಲ್ಲಿ ಕಿರಾಣಿ ವ್ಯಾಪಾರ ಮಾಡಿಕೊಂಡು ಬಂದಿರುವ ಹಿರಿಯ ಶ್ರಾವಕರೊಬ್ಬರು ಈ ಪ್ರಶ್ನೆಯನ್ನು ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಅವರಿಗೆ ಈಗ ಎಪ್ಪತ್ತು ದಾಟಿದೆ. 1977ರ ಮಾರ್ಚ್ ತಿಂಗಳಲ್ಲಿ ಮೊದಲ ಮತ ಹಾಕಿದವರು. ಅಂದಿನಿಂದ 2019ರವರೆಗೆ ನಡೆದ ಹನ್ನೆರಡು ಲೋಕಸಭಾ ಚುನಾವಣೆಗಳಲ್ಲಿ ಒಂದನ್ನೂ ತಪ್ಪಿಸಿದವರಲ್ಲ. ಬಸದಿಯಲ್ಲಿ ದರ್ಶನ ಮುಗಿಸಿ, ಬಿಸಿಲೇರುವ ಮೊದಲೇ ಸರದಿಯಲ್ಲಿ ನಿಲ್ಲುವುದು ಅವರ ಪದ್ಧತಿ. ಅಂಥವರು 2024ರ ಮೇ 7ರಂದು ಅಂಗಡಿಯ ಗಾದಿ ಬಿಟ್ಟು ಏಳಲಿಲ್ಲ. ಮೇಲಿನ ಯಾರೂ ಅಲ್ಲವೆಂಬ ಗುಂಡಿಯನ್ನಾದರೂ ಒತ್ತಿ ಬನ್ನಿರೆಂದು ಮನೆಯವರು ಹೇಳಿದರು. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದ ಆ ಗುಂಡಿಯ ಬಗ್ಗೆ ಅವರ ಅಭಿಪ್ರಾಯ ಇಷ್ಟು: ಮಾಲು ಬೇಡವೆನ್ನಲು ಪೇಟೆಗೆ ಹೋಗಬೇಕಾಗಿಲ್ಲ.

ಅವರ ಬೇಸರ ರಸ್ತೆ, ನೀರು, ಕಬ್ಬಿನ ಬಾಕಿ ಇವುಗಳಿಗೆ ಸಂಬಂಧಿಸಿದ್ದಲ್ಲ. ಅವೆಲ್ಲ ಇದ್ದೇ ಇವೆ. ಅವರನ್ನು ಕಾಡಿದ ವಿಷಯ ದೇಶರಕ್ಷಣೆ. ಗಡಿಯಿಂದ ಬಹು ದೂರದ ಕಬ್ಬೂರಿನ ವರ್ತಕನಿಗೆ ದೇಶರಕ್ಷಣೆಯ ಚಿಂತೆಯೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಎರಡನೆಯದನ್ನು ಮುಂದೆ ಹೇಳಬೇಕಾಗುತ್ತದೆ. ಮೊದಲನೆಯದು ಚಿಕ್ಕೋಡಿ ಕ್ಷೇತ್ರದ ಇತಿಹಾಸದಲ್ಲಿಯೇ ಇದೆ.

1967ರಿಂದ 1991ರವರೆಗೆ ಸತತವಾಗಿ ಏಳು ಬಾರಿ ಚಿಕ್ಕೋಡಿಯಿಂದ ಲೋಕಸಭೆಗೆ ಆಯ್ಕೆಯಾದವರು ಬಿ. ಶಂಕರಾನಂದರು. ಕೇಂದ್ರದಲ್ಲಿ ಹಲವು ಖಾತೆಗಳನ್ನು ನಿರ್ವಹಿಸಿದವರು. 1986ರ ಮಾರ್ಚ್ 24ರಂದು ಭಾರತ ಸರಕಾರವು ಸ್ವೀಡನ್ನಿನ ಬೋಫೋರ್ಸ್ ಕಂಪನಿಯಿಂದ 155 ಮಿಲಿಮೀಟರಿನ 410 ತೋಪುಗಳನ್ನು ಸುಮಾರು 1,437 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 1987ರ ಏಪ್ರಿಲ್ 16ರಂದು ಸ್ವೀಡನ್ನಿನ ಆಕಾಶವಾಣಿಯು ಈ ವ್ಯವಹಾರದಲ್ಲಿ ಲಂಚ ಸಂದಾಯವಾಗಿದೆಯೆಂದು ಬಿತ್ತರಿಸಿತು. ದೇಶದಲ್ಲೆಲ್ಲ ಗದ್ದಲವೆದ್ದು, ಆ ವರ್ಷದ ಆಗಸ್ಟಿನಲ್ಲಿ ಸಂಸತ್ತಿನ ಜಂಟಿ ಸಮಿತಿಯೊಂದು ನೇಮಕವಾಯಿತು. ಅದರ ಅಧ್ಯಕ್ಷರು ಚಿಕ್ಕೋಡಿಯ ಸಂಸದರಾದ ಶಂಕರಾನಂದರೇ.

ಆ ಸುದ್ದಿ ಬಂದಾಗ ಈ ಭಾಗದಲ್ಲಿ ಒಂದು ಬಗೆಯ ಹೆಮ್ಮೆಯೇ ಇತ್ತು. ದೇಶದ ತೋಪಿನ ಲೆಕ್ಕವನ್ನು ತಮ್ಮ ಕ್ಷೇತ್ರದವರು ನೋಡುತ್ತಿದ್ದಾರೆಂಬ ಹೆಮ್ಮೆ. ವಿರೋಧ ಪಕ್ಷಗಳು ಬಹುಮಟ್ಟಿಗೆ ಸಮಿತಿಯಿಂದ ದೂರ ಉಳಿದವು. 1988ರ ಏಪ್ರಿಲಿನಲ್ಲಿ ವರದಿ ಬಂದಿತು. ಬೋಫೋರ್ಸ್ ಕಂಪನಿ ಸುಮಾರು 64 ಕೋಟಿ ರೂಪಾಯಿಯಷ್ಟು ಹಣವನ್ನು ಕೆಲವರಿಗೆ ಕೊಟ್ಟಿರುವುದು ನಿಜ, ಆದರೆ ಅದು ಹಳೆಯ ಏಜೆಂಟರ ಸಂಬಂಧವನ್ನು ಮುಗಿಸಲು ಕೊಟ್ಟ ಪರಿಹಾರವೇ ಹೊರತು ಒಪ್ಪಂದಕ್ಕಾಗಿ ಕೊಟ್ಟ ಲಂಚವಲ್ಲ ಎಂಬುದು ವರದಿಯ ತಾತ್ಪರ್ಯ. ಅಣ್ಣಾ ಡಿಎಂಕೆಯ ಆಲಡಿ ಅರುಣಾ ಅವರು ಭಿನ್ನಮತ ಬರೆದರು.

ಹಿರಿಯರು ವರ್ತಕರಾದುದರಿಂದ ಈ ಮಾತನ್ನು ವರ್ತಕನ ಕಣ್ಣಿನಿಂದಲೇ ನೋಡಿದರು. ಅವರ ಲೆಕ್ಕ ಸರಳವಾದದ್ದು. 1,437 ಕೋಟಿಗೆ 64 ಕೋಟಿಯೆಂದರೆ ನೂರಕ್ಕೆ ನಾಲ್ಕೂವರೆಗೆ ಸಮೀಪ. ಪೇಟೆಯಲ್ಲಿ ದಲಾಲಿ ಎಂಬುದು ಪಾಪದ ಮಾತಲ್ಲ. ರೈತನ ಕೈಗೆ ಕೊಡುವ ಪಟ್ಟಿಯಲ್ಲಿ ತೂಕ, ಹಮಾಲಿ, ದಲಾಲಿ ಎಲ್ಲವೂ ಬರೆದಿರುತ್ತವೆ. ಬರೆದದ್ದು ವ್ಯಾಪಾರ, ಬರೆಯದೆ ಪಡೆದದ್ದು ಅದತ್ತಾದಾನ. ಈ ಒಪ್ಪಂದದಲ್ಲಿ ಮಧ್ಯವರ್ತಿಗಳು ಇರಬಾರದೆಂದು ಸರಕಾರವೇ ಹೇಳಿದ್ದಿತು. ಇಲ್ಲದ ದಲಾಲನ ಲೆಕ್ಕ ಮುಗಿಸಲು ಹಣವೇಕೆ ಬೇಕಾಯಿತು, ಅದು ಯಾರ ಪೆಟ್ಟಿಗೆ ಸೇರಿತು? ಖಾತೆ ಪುಸ್ತಕದಲ್ಲಿ ಹೆಸರಿಲ್ಲದ ನಾವೆಯನ್ನು ಯಾವ ಲೆಕ್ಕಿಗನೂ ಒಪ್ಪಲಾರ.

ಮುಂದಿನದೆಲ್ಲ ಎಲ್ಲರಿಗೂ ತಿಳಿದದ್ದೇ. 1989ರ ಚುನಾವಣೆಯಲ್ಲಿ ಉತ್ತರ ಭಾರತವು ಬೋಫೋರ್ಸ್ ಹೆಸರಿನಲ್ಲಿ ಮತ ಹಾಕಿ ಸರಕಾರವನ್ನು ಬದಲಾಯಿಸಿತು. ಕರ್ನಾಟಕವು 28ರಲ್ಲಿ 27 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು, ಚಿಕ್ಕೋಡಿಯೂ ಅದರಲ್ಲಿ ಸೇರಿತ್ತು. ಹೊಸ ಸರಕಾರದ ಕಾಲದಲ್ಲಿ, 1990ರ ಜನವರಿಯಲ್ಲಿ, ಸಿಬಿಐ ಮೊಕದ್ದಮೆ ದಾಖಲಿಸಿತು. 2004ರ ಫೆಬ್ರವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ರಾಜೀವ ಗಾಂಧಿಯವರ ಮೇಲಿನ ಲಂಚದ ಆರೋಪವನ್ನು ರದ್ದು ಮಾಡಿತು. ಆಗ ಅವರು ತೀರಿಹೋಗಿ ಹದಿಮೂರು ವರ್ಷಗಳಾಗುತ್ತ ಬಂದಿದ್ದವು. 2005ರಲ್ಲಿ ಹಿಂದುಜಾ ಸಹೋದರರ ಮೇಲಿನ ಆರೋಪಗಳೂ ಬಿದ್ದುಹೋದವು. ಅದರ ಮೇಲೆ ಸಿಬಿಐ ಸಲ್ಲಿಸಿದ ಮೇಲ್ಮನವಿಯನ್ನು 2018ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಳಂಬದ ಕಾರಣದಿಂದ ತಳ್ಳಿಹಾಕಿತು. ಆ ಮೂರು ದಶಕಗಳಲ್ಲಿ ದೆಹಲಿಯಲ್ಲಿ ಎಲ್ಲ ಬಣ್ಣದ ಸರಕಾರಗಳೂ ಬಂದು ಹೋಗಿದ್ದವು. ಹಣ ಕೊಟ್ಟದ್ದು ಖಚಿತ, ಪಡೆದು ಶಿಕ್ಷೆ ಅನುಭವಿಸಿದವನು ಒಬ್ಬನೂ ಇಲ್ಲ.

ವಿಚಿತ್ರವೆಂದರೆ ತೋಪು ಮಾತ್ರ ಚೆನ್ನಾಗಿತ್ತು. 1999ರ ಬೇಸಿಗೆಯಲ್ಲಿ ಕಾರ್ಗಿಲ್ ಬೆಟ್ಟಗಳ ತುದಿಯಲ್ಲಿ ಕುಳಿತಿದ್ದ ಶತ್ರುವನ್ನು ಇಳಿಸುವಲ್ಲಿ ಆ ಬೋಫೋರ್ಸ್ ತೋಪುಗಳ ಪಾತ್ರ ದೊಡ್ಡದೆಂದು ಸೇನೆಯವರೇ ಹೇಳಿದರು. 527 ಯೋಧರು ಪ್ರಾಣ ಕೊಟ್ಟ ಯುದ್ಧ ಅದು. ಆದರೆ ಬೋಫೋರ್ಸ್ ಹಗರಣದ ಭಯದಿಂದ ಖರೀದಿಯ ಕಾಗದಗಳು ಮೇಜಿನಿಂದ ಮೇಜಿಗೆ ಸುತ್ತಿ, ಸೇನೆಗೆ ಹೊಸ ಹೊವಿಟ್ಜರ್ ತೋಪುಗಳ ದೊಡ್ಡ ಒಪ್ಪಂದವೊಂದು ಆಗಬೇಕಾದರೆ 2016ರ ನವೆಂಬರ್ ಬರಬೇಕಾಯಿತು. ಕದ್ದವರಿಂದ ಆದ ನಷ್ಟ ನಾಲ್ಕೂವರೆ, ಕದ್ದಾರೆಂಬ ಅಂಜಿಕೆಯಿಂದ ಆದ ನಷ್ಟ ಮೂವತ್ತು ವರ್ಷ ಎಂದು ಹಿರಿಯರು ಹೇಳುವುದುಂಟು. ಲಂಚದ ಪಾಪವನ್ನು ಅಳೆಯುವಾಗ ಈ ಎರಡನೆಯ ನಷ್ಟವನ್ನು ಲೆಕ್ಕ ಹಿಡಿಯುವವರು ಕಡಿಮೆ.

ಕಾರ್ಗಿಲ್ ನಂತರ ಸರದಿ ಬದಲಾಯಿತು, ಮಾತು ಮಾತ್ರ ಹಾಗೆಯೇ ಉಳಿಯಿತು. ಹುತಾತ್ಮರ ದೇಹಗಳನ್ನು ತರಲು ಕೊಂಡ ಶವಪೆಟ್ಟಿಗೆಗಳ ಬೆಲೆಯ ಬಗ್ಗೆ 2001ರಲ್ಲಿ ಮಹಾಲೇಖಪಾಲರು ಆಕ್ಷೇಪವೆತ್ತಿದರು. ಅಂದು ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಹಿಂದೆ ಬೋಫೋರ್ಸ್ ಎಂದು ಕೂಗಿದವರು ಈಗ ಸುಮ್ಮನಾದರು, ಹಿಂದೆ ಸುಮ್ಮನಿದ್ದವರು ಕೂಗಿದರು. ಫರ್ನಾಂಡಿಸರ ಮೇಲೆ ಏನೂ ಸ್ಥಾಪಿತವಾಗಲಿಲ್ಲ. 2013ರಲ್ಲಿ ವಿಶೇಷ ನ್ಯಾಯಾಲಯವು ಉಳಿದ ಆರೋಪಿಗಳನ್ನೂ ಸಾಕ್ಷ್ಯವಿಲ್ಲವೆಂದು ಬಿಟ್ಟಿತು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಎಂಬುದೊಂದಿದೆ. ಕೊಳ್ಳುವಾಗ ದೊಡ್ಡ ಅಳತೆ, ಮಾರುವಾಗ ಸಣ್ಣ ಅಳತೆ ಇಟ್ಟುಕೊಳ್ಳುವುದು. ವ್ಯಾಪಾರಿಗಳಿಗೆ ಪ್ರವಚನದಲ್ಲಿ ಇದನ್ನು ಪದೇ ಪದೇ ಹೇಳಲಾಗುತ್ತದೆ, ಹೇಳಬೇಕಾದದ್ದೂ ಸರಿಯೇ. ಆದರೆ ಅಧಿಕಾರದಲ್ಲಿದ್ದಾಗ ಒಂದು ತಕ್ಕಡಿ, ವಿರೋಧದಲ್ಲಿದ್ದಾಗ ಇನ್ನೊಂದು ತಕ್ಕಡಿ ಹಿಡಿಯುವ ನಾಯಕನಿಗೆ ಈ ಅತಿಚಾರ ಹತ್ತುವುದಿಲ್ಲವೇ? ಮುಚ್ಚಿಡುವುದರಲ್ಲಿಯಂತೂ ಎಲ್ಲರೂ ಒಂದೇ. 1962ರಲ್ಲಿ ಚೀನಾದ ಮುಂದೆ ಆದ ಸೋಲಿನ ಕಾರಣಗಳನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಯಾವ ಪಕ್ಷದ ಸರಕಾರವೂ ಇಂದಿನವರೆಗೆ ತಾನಾಗಿ ಪ್ರಕಟಿಸಿಲ್ಲ. ಪ್ರಕಟಿಸಿರೆಂದು ಕೇಳುವುದು ವಿರೋಧದಲ್ಲಿರುವವರ ಕೆಲಸ, ಅಧಿಕಾರ ಬಂದೊಡನೆ ಅದು ರಹಸ್ಯವಾಗುತ್ತದೆ.

ಇಷ್ಟು ಬೇಸರ ಒಬ್ಬ ವೃದ್ಧನ ಗೊಣಗಾಟವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಎರಡನೆಯ ಕಾರಣವಿದೆಯಷ್ಟೆ. ಹಿರಿಯರ ಮೊಮ್ಮಗ, ಹದಿನೆಂಟು ಇನ್ನೂ ತುಂಬದ ಹುಡುಗ, ಅಗ್ನಿವೀರನಾಗಿ ಸೇನೆ ಸೇರುತ್ತೇನೆಂದು ಹಟ ಹಿಡಿದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದು ಬಳಿಕ ದೆಹಲಿಯಲ್ಲಿ ಅಸುನೀಗಿದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರ ಚಿತ್ರವನ್ನು ಆತ ಶಾಲೆಯ ದಿನಗಳಿಂದ ಪುಸ್ತಕದಲ್ಲಿ ಇಟ್ಟುಕೊಂಡವನು. ವಯಸ್ಸು ತುಂಬದ ಕಾರಣ ಪಾಲಕರ ಸಹಿ ಬೇಕು. ಅಜ್ಜನ ಒಪ್ಪಿಗೆಯಿಲ್ಲದೆ ಸಹಿ ಮಾಡಲು ತಂದೆ ಸಿದ್ಧನಿಲ್ಲ.

ಮನೆಯಲ್ಲಿ ಮೊದಲು ಎದ್ದದ್ದು ಅಹಿಂಸೆಯ ಪ್ರಶ್ನೆ. ನೀರು ಸೋಸಿ ಕುಡಿಯುವ, ಸೂರ್ಯಾಸ್ತದ ಮೊದಲು ಉಣ್ಣುವ ಮನೆಯ ಹುಡುಗ ಬಂದೂಕು ಹಿಡಿಯುವುದೇ ಎಂದು ಅಜ್ಜಿ ಅತ್ತರು. ಇದಕ್ಕೆ ಹಿರಿಯರೇ ಸಮಾಧಾನ ಹೇಳಿದರು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಹೇಳುತ್ತಾರೆ. ಗೃಹಸ್ಥನು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಆಕ್ರಮಿಸಿ ಬಂದವನನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆ ಅಣುವ್ರತಿಗೆ ಅನಿವಾರ್ಯ, ಆದರೆ ಅದೂ ಹಿಂಸೆಯೇ, ಪುಣ್ಯವೆಂದು ಕುಣಿಯತಕ್ಕದ್ದಲ್ಲ. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಯುದ್ಧಗಳನ್ನು ಗೆದ್ದು ಬಿರುದು ಪಡೆದವನು ತ್ಯಾಗದ ಮೂರ್ತಿಯನ್ನು ಕಡೆಸಿದನು. ಮುನಿಗಳಾದ ಸೋಮದೇವಸೂರಿಗಳು ಸಹ ನೀತಿವಾಕ್ಯಾಮೃತದಲ್ಲಿ ಕೋಶ, ದುರ್ಗ, ಬಲಗಳ ವಿಚಾರವನ್ನು ಬಿಡಲಿಲ್ಲ.

ಆದರೆ ಒಪ್ಪಿಗೆಯನ್ನು ಮಾತ್ರ ಹಿರಿಯರು ಕೊಡಲಿಲ್ಲ. ಅವರ ಅಡ್ಡಿ ಬೇರೆ ಕಡೆಯದು. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ಏನು ಮಾಡಿದರು? ಚರಮಶರೀರಿಗಳಾದ ನೀವಿಬ್ಬರೂ ಉಳಿಯುವಿರಿ, ಸಾಯುವವರು ಈ ಬಡ ಸೈನಿಕರು, ಆದುದರಿಂದ ನೀವೇ ಹೋರಾಡಿರೆಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಹಾಗೆ ನಡೆದವು. ಇಂದಿನ ನಾಯಕರಲ್ಲಿ ಯಾರ ಮಗ ಸಿಯಾಚಿನ್ನಿನಲ್ಲಿದ್ದಾನೆ? ನಾಲ್ಕು ವರ್ಷ ದುಡಿಸಿ, ನೂರಕ್ಕೆ ಇಪ್ಪತ್ತೈದು ಜನರನ್ನು ಉಳಿಸಿಕೊಂಡು, ಮಿಕ್ಕವರ ಕೈಗೆ ಹನ್ನೆರಡು ಲಕ್ಷದೊಳಗಿನ ಗಂಟು ಕೊಟ್ಟು ಕಳಿಸುವ ಯೋಜನೆಯನ್ನು 2022ರಲ್ಲಿ ತಂದವರು ತಮ್ಮ ಪಿಂಚಣಿಯನ್ನು ಬಿಟ್ಟುಕೊಟ್ಟರೇ?

ಹುಡುಗ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳಿದ. ಆಮೇಲೆ ಒಂದೇ ಮಾತು ಕೇಳಿದ: "ಅಜ್ಜಾ, ಅವರು ಛಲೋ ಇಲ್ಲಂತ ನೀವು ಓಟು ಹಾಕೂದು ಬಿಟ್ರಿ. ಅವರು ಛಲೋ ಇಲ್ಲಂತ ಗಡ್ಯಾಗಿದ್ದಾವ್ರು ಕಾಯೂದು ಬಿಟ್ರ ಹೆಂಗ?"

ಹಿರಿಯರು ಆ ದಿನ ಉತ್ತರ ಕೊಡಲಿಲ್ಲ.

ಕೆಲವು ತಿಂಗಳ ನಂತರ, 2025ರ ಮೇ ತಿಂಗಳಲ್ಲಿ, ಪಹಲ್ಗಾಮಿನಲ್ಲಿ 26 ಜನರ ಹತ್ಯೆಯಾದ ಮೇಲೆ ಸೇನೆ ನಡೆಸಿದ ಕಾರ್ಯಾಚರಣೆಯನ್ನು ದೇಶಕ್ಕೆ ವಿವರಿಸಿದವರಲ್ಲಿ ಕರ್ನಲ್ ಸೋಫಿಯಾ ಕುರೇಶಿಯವರೂ ಒಬ್ಬರು. ಅವರ ಪತಿಯ ಊರು ಗೋಕಾಕ ತಾಲೂಕಿನ ಕೊಣ್ಣೂರು, ಈ ಜಿಲ್ಲೆಯದೇ. ಅವರ ಮನೆಯ ಮೇಲೆ ದಾಳಿಯಾಗಿದೆಯೆಂದು ಯಾರೋ ಸುಳ್ಳು ಹಬ್ಬಿಸಿದರು. ಜಿಲ್ಲೆಯ ಪೊಲೀಸರು ಅದನ್ನು ಅಲ್ಲಗಳೆಯಬೇಕಾಯಿತು. ಮಧ್ಯಪ್ರದೇಶದ ಸಚಿವರೊಬ್ಬರು ಆ ಅಧಿಕಾರಿಯ ಬಗ್ಗೆ ಆಡಬಾರದ ಮಾತನ್ನಾಡಿದರು. ಅಲ್ಲಿಯ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣ ದಾಖಲಿಸಲು ಆದೇಶಿಸಿತು. ಸಮವಸ್ತ್ರ ತೊಟ್ಟವರು ಅಳೆದು ತೂಗಿ ಮಾತನಾಡಿದರು. ಮಾತಿನಿಂದಲೇ ಹೊಟ್ಟೆ ಹೊರೆಯುವವರಿಗೆ ಅಷ್ಟು ಸಂಯಮ ಸಾಧ್ಯವಾಗಲಿಲ್ಲ. ಹಿರಿಯರು ಈ ವರ್ತಮಾನವನ್ನು ಪತ್ರಿಕೆಯಲ್ಲಿ ಎರಡು ಸಲ ಓದಿದರೆಂದು ಮನೆಯವರು ಹೇಳುತ್ತಾರೆ.

ದೇಶರಕ್ಷಣೆಯೆಂದರೆ ಗಡಿ ಮಾತ್ರವೇ ಎಂಬ ಮಾತೂ ಆ ಮನೆಯಲ್ಲಿ ಬಂದಿದೆ. 2023ರ ಜುಲೈಯಲ್ಲಿ ಇದೇ ತಾಲೂಕಿನ ಹಿರೇಕೋಡಿಯಲ್ಲಿ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮುನಿಮಹಾರಾಜರ ಹತ್ಯೆಯಾದಾಗ, ಸಮಾಜ ಕೇಳಿದ್ದು ವಿಹಾರದಲ್ಲಿರುವ ತ್ಯಾಗಿಗಳಿಗೆ ರಕ್ಷಣೆಯನ್ನು. ವಿಧಾನಮಂಡಲದಲ್ಲಿ ನಡೆದದ್ದು ತನಿಖೆ ಸಿಐಡಿಗೋ ಸಿಬಿಐಗೋ ಎಂಬ ಜಗ್ಗಾಟ. ಅಲ್ಲಿಯೂ ಎರಡು ತಕ್ಕಡಿಗಳಿದ್ದವು.

ಸಹಿಯೇನೋ ಆಯಿತು. ಒಂದು ಸಂಜೆ ಹಿರಿಯರು ಮಗನನ್ನು ಕರೆದು, "ಮಾಡಿ ಕೊಡು, ತಮ್ಮಾ. ಅಂವ ಹೊಂಟದ್ದು ಅವರ ಸಲುವಾಗಿ ಅಲ್ಲ" ಎಂದಷ್ಟೇ ಹೇಳಿದರು. ಮೊದಲ ಸಲದ 1.6 ಕಿಲೋಮೀಟರ್ ಓಟದಲ್ಲಿ ಹುಡುಗ ಕೆಲವೇ ಕ್ಷಣಗಳಿಂದ ಹಿಂದೆ ಬಿದ್ದ. ಈಗ ನಸುಕಿನಲ್ಲೆದ್ದು ಚಿಕ್ಕೋಡಿ ರಸ್ತೆಯಲ್ಲಿ ಓಡುತ್ತಾನೆ. ಹಿರಿಯರ ಹೆಸರು ಮತದಾರರ ಯಾದಿಯಲ್ಲಿ ಇದ್ದೇ ಇದೆ. ಮುಂದಿನ ಚುನಾವಣೆಗೆ ಹೋಗುವಿರಾ ಎಂದು ಕೇಳಿದವರಿಗೆ ಅವರು ಹೂಂ ಎಂದೂ ಹೇಳಿಲ್ಲ, ಊಹೂಂ ಎಂದೂ ಹೇಳಿಲ್ಲ. ಗಾದಿಯ ಕೆಳಗಿನ ಹಳೆಯ ರೋಜು ಪುಸ್ತಕದ ಕೊನೆಯ ಹಾಳೆಯಲ್ಲಿ ಮಾತ್ರ, ಮತ ಕೇಳಲು ಬಂದವರಿಗೆ ಕೇಳಬೇಕೆಂದು ಒಂದು ಪ್ರಶ್ನೆ ಬರೆದಿಟ್ಟಿದ್ದಾರೆ: ನೀವು ವಿರೋಧದಲ್ಲಿದ್ದಾಗ ಕೇಳಿದ ಯಾವ ಕಾಗದವನ್ನು ಅಧಿಕಾರಕ್ಕೆ ಬಂದ ಮೇಲೆ ತೆರೆದಿರಿ?