ಸ್ಟೀಲ್ ಪಾತ್ರೆಯೂ ಹವಳದ ದಿಬ್ಬವೂ

ಅಡುಗೆಮನೆಯ ಒಳ್ಳೆಯ ಸ್ಟೀಲ್ ಪಾತ್ರೆಗಳನ್ನು ಮಗುಚಿ ನೋಡಿದರೆ ಕೆಲವದರ ತಳದಲ್ಲಿ 18/8 ಎಂಬ ಮುದ್ರೆ ಕಾಣುತ್ತದೆ. ನೂರು ಭಾಗದಲ್ಲಿ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಎಂದು ಅದರ ಅರ್ಥ. ಹುಣಸೆಹುಳಿಯ ಸಾರು ರಾತ್ರಿಯಿಡೀ ಉಳಿದರೂ ಪಾತ್ರೆ ಕೆಡದಿರುವುದು ಈ ಜೋಡಿಯಿಂದ. ಜಗತ್ತಿನ ನಿಕಲ್‌ನಲ್ಲಿ ಹೆಚ್ಚಿನ ಪಾಲು ಹೋಗುವುದು ಸ್ಟೀಲಿಗೆ. ಈಚೆಗೆ ವಿದ್ಯುತ್ ವಾಹನಗಳ ಕೆಲವು ಬಗೆಯ ಬ್ಯಾಟರಿಗಳಿಗೂ ಅದು ಬೇಕಾಗಿದೆ. ಅದನ್ನು ಅತಿ ಹೆಚ್ಚು ಅಗೆಯುವ ದೇಶ ಇಂಡೊನೇಷ್ಯಾ.

ಅದೇ ದೇಶದ ಪಪುವಾ ಪ್ರದೇಶದ ಪಶ್ಚಿಮ ತುದಿಯಾಚೆ ರಾಜಾ ಅಂಪತ್ ಎಂಬ ದ್ವೀಪಸಮೂಹವಿದೆ. ರಾಜಾ ಎಂದರೆ ನಮ್ಮ ರಾಜನೇ. ಅಂಪತ್ ಎಂದರೆ ನಾಲ್ಕು. ನಾಲ್ವರು ರಾಜರ ಈ ನೀರಿನಲ್ಲಿ 550ಕ್ಕೂ ಹೆಚ್ಚು ಬಗೆಯ ಗಟ್ಟಿ ಹವಳಗಳಿವೆ. ಜಗತ್ತಿನಲ್ಲಿ ಗೊತ್ತಿರುವ ಹವಳಗಳಲ್ಲಿ ಇವು ಸುಮಾರು ಮುಕ್ಕಾಲು ಪಾಲು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮುಳುಗಿ ಬಂದ ಹುಡುಗರು ಕಣ್ಣರಳಿಸಿ ವರ್ಣಿಸುವುದನ್ನು ಕೇಳಿದ್ದೇನೆ. ಅಂಥವರ ಪಾಲಿಗೆ ರಾಜಾ ಅಂಪತ್ ಕಾಶಿಯಿದ್ದಂತೆ. ಡೈವಿಂಗಿಗೆ ಬರುವವರನ್ನು ತಮ್ಮ ಮನೆಗಳಲ್ಲೇ ಇಳಿಸಿಕೊಂಡು ಬದುಕುವ ಹಳ್ಳಿಗರು ಅಲ್ಲಿ ಬಹಳ. ಕೆಲವು ಕಾಲ ಸಮುದ್ರದ ಒಂದು ಭಾಗದಲ್ಲಿ ಮೀನು ಹಿಡಿಯದೆ ಬಿಡುವ 'ಸಾಸಿ' ಎಂಬ ಕಟ್ಟಳೆಯೂ ಅವರಲ್ಲಿದೆ. ಶೃಂಗೇರಿ, ಶಿಶಿಲಗಳ ದೇವರ ಮೀನುಗಳನ್ನು ಕಂಡ ನಮಗೆ ಇದು ಹೊಸದೆನಿಸದು.

ಕಷ್ಟವೇನೆಂದರೆ, ಹವಳವೂ ನಿಕಲ್ಲೂ ಅಲ್ಲಿ ನೆರೆಮನೆಯವು. ಅಲ್ಲಿನ ನಿಕಲ್ ಇರುವುದು ಕೆಂಪು ಮಣ್ಣಿನಲ್ಲಿ. ಬಿಸಿಲು, ಮಳೆಗಳು ಲಕ್ಷಾಂತರ ವರ್ಷ ಬಂಡೆಯನ್ನು ಕೊಳೆಸಿ, ಕರಗುವುದನ್ನೆಲ್ಲ ತೊಳೆದು, ಕಬ್ಬಿಣ, ನಿಕಲ್‌ಗಳನ್ನು ಉಳಿಸಿದ ಮಣ್ಣು ಅದು. ನಮ್ಮ ಕರಾವಳಿಯ ಮುರಕಲ್ಲು, ಜಂಬಿಟ್ಟಿಗೆಗಳು ಇದೇ ಕುಲದವು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ನಿಕಲ್ ಅದಿರು ಮೇಲುಪದರದಲ್ಲೇ ಇರುವುದರಿಂದ ಸುರಂಗ ಕೊರೆಯುವುದಿಲ್ಲ. ಕಾಡು ಕಡಿದು ಗುಡ್ಡದ ಚರ್ಮ ಸುಲಿಯುತ್ತಾರೆ. ಮಳೆ ಬಂದರೆ ಉಳಿದ ಮಣ್ಣು ನೇರ ಸಮುದ್ರಕ್ಕೆ.

ಒಂಬತ್ತನೇ ತರಗತಿಯಲ್ಲಿ ಇದನ್ನು ಹೇಳುವಾಗ ಎರಡು ಗಾಜಿನ ಜಾಡಿಗಳಲ್ಲಿ ನೀರಿಟ್ಟು, ಒಂದಕ್ಕೆ ಒಂದು ಚಮಚ ಕೆಮ್ಮಣ್ಣು ಕಲಕಿ, ಹಿಂದಿನಿಂದ ಟಾರ್ಚ್ ಹಿಡಿಯುತ್ತೇನೆ. ಬೇರೆ ವಿವರಣೆ ಬೇಕಾಗುವುದಿಲ್ಲ. ಹವಳ ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಲ್ಲಿ ಅದು ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ಬೆಳಕು ನಿಂತರೆ ಊಟವೂ ನಿಂತಂತೆ. ಮೈಮೇಲೆ ಬಿದ್ದ ಹೂಳನ್ನು ಲೋಳೆಯಿಂದ ತೊಳೆದುಕೊಳ್ಳಲು ಹವಳ ಇದ್ದ ಶಕ್ತಿಯನ್ನೆಲ್ಲ ಸುರಿಯುತ್ತದೆ. ಹವಳದ ಮರಿಗಳಿಗೆ ಅಂಟಿಕೊಳ್ಳಲು ಗಟ್ಟಿ ನೆಲ ಬೇಕು. ಕೆಸರಿನ ಮೇಲೆ ಅವು ನೆಲೆಯೂರವು.

2,000 ಚದರ ಕಿ.ಮೀ.ಗಿಂತ ಸಣ್ಣ ದ್ವೀಪಗಳಲ್ಲಿ ಸಂರಕ್ಷಣೆ, ಮೀನುಗಾರಿಕೆ, ಪ್ರವಾಸೋದ್ಯಮಗಳಿಗೆ ಆದ್ಯತೆ ಎಂದು ಇಂಡೊನೇಷ್ಯಾದ 2007ರ ಕಾನೂನೇ ಹೇಳುತ್ತದೆ. 2023ರಲ್ಲಿ ಯುನೆಸ್ಕೊ ರಾಜಾ ಅಂಪತ್ತನ್ನು ಜಾಗತಿಕ ಜಿಯೋಪಾರ್ಕ್ ಎಂದು ಸಾರಿತು. ಹಾಗಿದ್ದೂ ಪರವಾನಗಿಗಳಿದ್ದವು, ಅಗೆತವೂ ನಡೆದಿತ್ತು. 2025ರ ಜೂನ್‌ನಲ್ಲಿ ದೊಡ್ಡ ಗುಲ್ಲೆದ್ದ ಮೇಲೆ ಸರ್ಕಾರ ಐದು ಕಂಪನಿಗಳಲ್ಲಿ ನಾಲ್ಕರ ಪರವಾನಗಿ ರದ್ದುಮಾಡಿತು. ಗಾಗ್ ದ್ವೀಪದ ಗಣಿಯನ್ನು ಮಾತ್ರ ಉಳಿಸಿತು. ಗಾಗ್ ಜಿಯೋಪಾರ್ಕಿನ ಎಲ್ಲೆಯಾಚೆ ಇದೆ ಎಂಬುದು ಸರ್ಕಾರದ ವಾದ. ಆದರೆ ಕೆಂಪು ನೀರಿಗೆ ನಕಾಶೆ ಓದಲು ಬರುವುದಿಲ್ಲ.

ಇಷ್ಟು ಹೇಳಿ ಗಣಿಯವರನ್ನು ಬೈದು ಕುಳಿತರೆ ಪಾಠ ಅರ್ಧವಾಯಿತು. ಗಾಗ್‌ನ ಜನರಲ್ಲೇ ಗಣಿ ಬೇಕೆನ್ನುವವರಿದ್ದಾರೆ. ತಿಂಗಳ ಸಂಬಳ ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಪ್ರವಾಸಿಗರೂ ಸಾಧುಗಳಲ್ಲ. 2017ರ ಮಾರ್ಚ್‌ನಲ್ಲಿ ಪ್ರವಾಸಿ ಹಡಗೊಂದು ರಾಜಾ ಅಂಪತ್ತಿನ ಹವಳದ ದಿಬ್ಬವನ್ನೇರಿ ಸಾವಿರಾರು ಚದರ ಮೀಟರ್ ಹವಳವನ್ನು ಪುಡಿಮಾಡಿತು. ಲಂಗರು, ಪ್ಲಾಸ್ಟಿಕ್, ಕೊಳಚೆ ಇವೆಲ್ಲ ಡೈವಿಂಗಿನ ಬೆನ್ನಿಗೇ ಬರುತ್ತವೆ. ವ್ಯತ್ಯಾಸ ಒಂದೇ: ಹವಳ ಸತ್ತರೆ ಪ್ರವಾಸೋದ್ಯಮವೂ ಸಾಯುತ್ತದೆ, ಆದ್ದರಿಂದ ಅದಕ್ಕೆ ಹವಳ ಕಾಯುವ ಸ್ವಾರ್ಥವಿದೆ. ಗಣಿಗೆ ಆ ಸ್ವಾರ್ಥವಿಲ್ಲ. ಅದಿರು ಮುಗಿದ ದಿನ ಅದು ಗಂಟುಮೂಟೆ ಕಟ್ಟುತ್ತದೆ.

ಈ ಲೆಕ್ಕ ನಮಗೆ ಅಪರಿಚಿತವಲ್ಲ. ಕುದುರೆಮುಖದ ಕಬ್ಬಿಣದ ಗಣಿಯಿಂದ ಮಳೆಗಾಲದಲ್ಲಿ ಭದ್ರೆಗೆ ಹರಿದ ಹೂಳು ವರ್ಷಗಟ್ಟಲೆ ವಾಗ್ವಾದಕ್ಕೆ ಕಾರಣವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು; 2005ರ ಕೊನೆಗೆ ಅಗೆತ ನಿಂತಿತು. ನದಿಗೆ ಉಸಿರು ಬಂತು, ಆದರೆ ಗಣಿಯನ್ನೇ ನಂಬಿ ಬೆಳೆದ ಊರು ಬರಿದಾಯಿತು. ಗಣಿ ತೆರೆಯುವ ದಿನವೇ, ಅದು ಮುಚ್ಚಿದ ಮೇಲೆ ಜನ ಏನು ಮಾಡಬೇಕೆಂದು ಯಾರೂ ಕೇಳುವುದಿಲ್ಲ.

"ಬ್ಯಾಟರಿ ಗಾಡೀಲಿ ಹೊಗೆ ಇಲ್ಲ ಅಲ್ವಾ ಸಾರ್, ಹಾಗಾದ್ರೆ ಅದು ಒಳ್ಳೇದೇ ತಾನೆ?" ಎಂದು ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯದೇ ಎಂದೆ. ನಿಕಲ್ ಇಲ್ಲದ, ಕಬ್ಬಿಣ-ಫಾಸ್ಫೇಟಿನ ಬ್ಯಾಟರಿಗಳೂ ಇವೆ ಎಂದೂ ಹೇಳಿದೆ. ಆದರೆ ಹೊಗೆ ಕಾಣದಿದ್ದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಆ ಖರ್ಚು ಬೇರೆಯವರ ಹಿತ್ತಿಲಲ್ಲಿ ಬಿದ್ದಿರಬಹುದು.

ಪೋಷಕರಿಗೆ ಒಂದು ಸಣ್ಣ ಕೋರಿಕೆ. ಅಟ್ಟದ ಮೇಲೆ ತಗ್ಗುಬಿದ್ದ ಸ್ಟೀಲ್ ಪಾತ್ರೆಗಳಿದ್ದರೆ ಮಕ್ಕಳ ಕೈಯಲ್ಲೇ ಗುಜರಿಯವನಿಗೆ ಕೊಡಿಸಿ. ಎಷ್ಟು ಸಲ ಕರಗಿಸಿದರೂ ಸ್ಟೀಲಿನ ನಿಕಲ್ ಮತ್ತೆ ಕೆಲಸಕ್ಕೆ ಬರುತ್ತದೆ. ಅಷ್ಟರ ಮಟ್ಟಿಗೆ ಎಲ್ಲೋ ಒಂದು ಗುಡ್ಡದ ಮಣ್ಣು ಗುಡ್ಡದಲ್ಲೇ ಉಳಿಯುತ್ತದೆ.