ಅವೆನ್ಯೂ ರಸ್ತೆಯಲ್ಲೊಂದು ಆದಿತ್ಯವಾರ

ಮಂಗಳೂರಿನಿಂದ ಶನಿವಾರ ರಾತ್ರಿ ಬಸ್ಸು ಹತ್ತಿದರೆ ಆದಿತ್ಯವಾರ ಬೆಳಗ್ಗೆ ನೀವು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೀರಿ. ಸಂಬಂಧಿಕರ ಮದುವೆಗೋ, ಆಸ್ಪತ್ರೆಗೋ, ಮಕ್ಕಳ ಕಾಲೇಜು ಪ್ರವೇಶಕ್ಕೋ ನಮ್ಮ ಮನೆಗಳವರು ಬೆಂಗಳೂರಿಗೆ ಹೋಗುತ್ತಲೇ ಇರುತ್ತಾರೆ. ಏನೇನು ನೋಡಿದಿರಿ ಎಂದು ಕೇಳಿದರೆ ಲಾಲ್‌ಬಾಗ್, ಟಿಪ್ಪುವಿನ ಬೇಸಿಗೆ ಅರಮನೆ, ಕಮರ್ಷಿಯಲ್ ಸ್ಟ್ರೀಟ್... ಅಲ್ಲಿಗೆ ಪಟ್ಟಿ ಮುಗಿಯಿತು. ಈ ಸಲ ನಿಮ್ಮನ್ನು ಬೇರೊಂದು ಬೀದಿಗೆ ಕರೆದುಕೊಂಡು ಹೋಗುತ್ತೇನೆ, ಬನ್ನಿ. ಹಳೆಯ ಚಿತ್ರಕಥೆಗಳನ್ನು ಹುಡುಕುವವರ ಬೀದಿ ಅದು.

ಮೆಜೆಸ್ಟಿಕ್‌ನಿಂದ ಮೆಟ್ರೊ ಹಿಡಿದರೆ ಮೊದಲ ನಿಲ್ದಾಣವೇ ಚಿಕ್ಕಪೇಟೆ. ಅಲ್ಲಿಂದ ಸ್ವಲ್ಪ ನಡೆದರೆ ಅವೆನ್ಯೂ ರಸ್ತೆ. ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರ್ಕೆಟ್‌ವರೆಗೆ ಚಾಚಿಕೊಂಡಿರುವ ಈ ಬೀದಿಯ ಹಳೆಯ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೂ ಉಳುಮೆ ಮಾಡಿಸಿ ಪೇಟೆಯ ಬೀದಿಗಳನ್ನು ಗುರುತಿಸಿದರೆಂದು ಹೇಳುತ್ತಾರಲ್ಲ, ಅದು ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವ ಜಾಗವೇ. ವಾರದ ದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮದುವೆ ಕಾರ್ಡು, ಲೆಕ್ಕದ ಪುಸ್ತಕ, ಕಾಲೇಜಿನ ಪಠ್ಯಪುಸ್ತಕಗಳ ವ್ಯಾಪಾರ. ಆದಿತ್ಯವಾರ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಮುಚ್ಚಿದ ಆ ಬಾಗಿಲುಗಳ ಮುಂದೆಯೇ ಹಳೆಯ ಪುಸ್ತಕಗಳವರು ಪ್ಲಾಸ್ಟಿಕ್ ಹಾಳೆ ಹಾಸಿ ಕುಳಿತಿರುತ್ತಾರೆ.

ನೀವು ಕೇಳಬಹುದು, "ಮದ್ರಸದಲ್ಲಿ ಓದಿ, ಬಿ.ಎ. ಮಾಡಿ, ಮಕ್ಕಳಿಗೆ ಪಾಠ ಹೇಳುವವಳಿಗೆ ಚಿತ್ರಕಥೆಯ ಹುಚ್ಚು ಹೇಗೆ ಹಿಡಿಯಿತು?" ನಮ್ಮ ಶಾಲೆಯ ತರಗತಿಯಲ್ಲಿ ಒಂದು ಪುಸ್ತಕದ ಕಪಾಟು ಇದೆ. ಮನೆ ಖಾಲಿ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಅದಕ್ಕೆ ನಲವತ್ತರಷ್ಟು ಹಳೆಯ ಅಮರ ಚಿತ್ರಕಥೆಗಳನ್ನು ಕೊಟ್ಟರು. ಪಠ್ಯಪುಸ್ತಕ ಕಂಡರೆ ಆಕಳಿಸುವ ಮಕ್ಕಳು ಅವುಗಳ ಮೇಲೆ ಮುಗಿಬಿದ್ದರು. ಆಮೇಲೆ ಮಕ್ಕಳೇ ಅವುಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ, ನಡುವೆ ಇಲ್ಲದವುಗಳ ಪಟ್ಟಿ ಬರೆದುಕೊಂಡು ಬಂದರು. ಏಳನೇ ತರಗತಿಯ ಹುಡುಗಿಯೊಬ್ಬಳು ಇತರ ಸಂಚಿಕೆಗಳ ಪಟ್ಟಿಯಲ್ಲಿ ಒಂದು ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಚಾಂದ್ ಬೀಬಿ! "ಟೀಚರ್, ಇವರು ನಮ್ಮ ಬಿಜಾಪುರದವರಲ್ಲವೇ? ಇವರ ಪುಸ್ತಕ ಬೇಕು" ಎಂದಳು.

ಹೌದು, ಬಿಜಾಪುರದ ಸೊಸೆಯೇ. ಒಂದನೇ ಅಲಿ ಆದಿಲ್ ಶಾಹಿಯ ಪತ್ನಿ. ಗಂಡನ ನಿಧನದ ನಂತರ ಬಾಲಕ ಎರಡನೇ ಇಬ್ರಾಹಿಮನ ಪರವಾಗಿ ಆಡಳಿತ ನೋಡಿಕೊಂಡವರು. 1595-96ರಲ್ಲಿ ಮೊಗಲರ ಸೇನೆ ಅಹ್ಮದ್‌ನಗರದ ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆಯನ್ನು ಕಾಪಾಡಿದವರು. ಅಂತಹ ಒಬ್ಬ ಮಹಿಳೆಯ ಕಥೆಯನ್ನು ಮಗು ಕೇಳುವಾಗ ಇಲ್ಲವೆನ್ನುವುದು ಹೇಗೆ? ಆ ಪಟ್ಟಿಯನ್ನು ಪರ್ಸಿನಲ್ಲಿಟ್ಟುಕೊಂಡು ನಾನು ಅವೆನ್ಯೂ ರಸ್ತೆಗೆ ಹೋಗಲಾರಂಭಿಸಿದೆ.

ಕಾರ್ಕಳದಿಂದ ಹೊರಟ ಕಥೆ

ರಾಶಿಗೆ ಕೈ ಹಾಕುವ ಮುನ್ನ ಏನನ್ನು ಹುಡುಕುತ್ತಿದ್ದೇವೆ ಎಂಬುದು ತಿಳಿದಿರಬೇಕು. ನಮ್ಮ ಕರಾವಳಿಯ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಎಂಬವರು ಮುಂಬೈಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿದ್ದರು. 1964ರ ಮಾರ್ಚ್‌ನಲ್ಲಿ ಆ ಸಂಸ್ಥೆ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಅವರ ಪಾತ್ರವಿತ್ತು. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್, ಮ್ಯಾಂಡ್ರೇಕ್ ಮೊದಲಾದವರ ಸಾಹಸಗಳು ನಮ್ಮ ದೇಶದ ಮಕ್ಕಳ ಕೈಗೆ ಅಗ್ಗದ ದರದಲ್ಲಿ ಬಂದದ್ದು ಹೀಗೆ. ಇಂಗ್ಲಿಷ್, ಹಿಂದಿ ಮಾತ್ರವಲ್ಲ, ಕನ್ನಡದಲ್ಲೂ ಇಂದ್ರಜಾಲ ಬಂದಿತ್ತು. ನಲವತ್ತು ದಾಟಿದ ಓದುಗರಿಗೆ ನೆನಪಿದ್ದರೂ ಇರಬಹುದು.

ಅನಂತ ಪೈಯವರು 1967ರಲ್ಲಿ ಇಂಡಿಯಾ ಬುಕ್ ಹೌಸ್ ಪ್ರಕಾಶನದ ಮೂಲಕ ಅಮರ ಚಿತ್ರಕಥೆಯ ಹೊಣೆ ಹೊತ್ತುಕೊಂಡರು. ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲಿಷಿನ ಮೊದಲ ಸಂಚಿಕೆಯಾದ 'ಕೃಷ್ಣ'ದ ಸಂಖ್ಯೆ 11. ಹಾಗಾದರೆ 1ರಿಂದ 10 ಎಲ್ಲಿ ಹೋದವು? ಎಷ್ಟೋ ಮಂದಿ ಅವುಗಳನ್ನು ಇಂಗ್ಲಿಷಿನಲ್ಲಿ ಹುಡುಕಿ ಸುಸ್ತಾಗುತ್ತಾರೆ. ಅವು ಕನ್ನಡದವು! 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ಹೊರತಂದರು. ಅವು ಚೆನ್ನಾಗಿ ಮಾರಾಟವಾದ ಮೇಲೆಯೇ ಮುಂಬೈಯವರು ಇಂಗ್ಲಿಷಿಗೆ ಕೈ ಹಾಕಿದ್ದು. ದೇಶವಿಡೀ ಓದಿದ ಒಂದು ಮಾಲಿಕೆ ಕನ್ನಡದಲ್ಲಿ ಶುರುವಾಯಿತು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಹುಡುಕುವವರನ್ನು ಸತಾಯಿಸುವ ಇನ್ನೂ ಕೆಲವು ಸಂಖ್ಯೆಗಳಿವೆ. ಇಂದ್ರಜಾಲದ 123 ಮತ್ತು 124ನೇ ಸಂಚಿಕೆಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮುದ್ರಣ ಸಂಸ್ಥೆಯಲ್ಲಿ ಮುಷ್ಕರ ನಡೆದದ್ದರಿಂದ ಅವು ಅಚ್ಚೇ ಆಗಲಿಲ್ಲ. 1990ರಲ್ಲಿ ನಿಲ್ಲುವವರೆಗೆ ಹೊರಬಂದ ಸಂಚಿಕೆಗಳು ಒಟ್ಟು 803. ಅಮರ ಚಿತ್ರಕಥೆಯದ್ದು ಬೇರೆಯೇ ಪೇಚು. ಮರುಮುದ್ರಣವಾದಾಗ ಹಳೆಯ ಕಥೆಗಳಿಗೆ 501ರಿಂದ ಹೊಸ ಸಂಖ್ಯೆ ಕೊಟ್ಟರು. 11ನೇ ಸಂಖ್ಯೆಯ 'ಕೃಷ್ಣ'ವೇ 501 ಆಗಿಯೂ ಇದೆ. ಗೊತ್ತಿಲ್ಲದವರು ಒಂದೇ ಪುಸ್ತಕಕ್ಕೆ ಎರಡು ಸಲ ಹಣ ಕೊಡುತ್ತಾರೆ. ಹಾಗಾಗಿ ಸಂಖ್ಯೆಯೊಂದನ್ನೇ ನಂಬಬೇಡಿ. ಹೆಸರು ನೋಡಿ, ಮುಖಪುಟದ ಬೆಲೆ ನೋಡಿ. ಪೈಸೆಗಳಲ್ಲಿ ಬೆಲೆ ಇದ್ದರೆ ಅದು ಹಳೆಯ ಮುದ್ರಣ.

ರಾಶಿಯ ಮುಂದೆ ಕುಳಿತಾಗ

ಬೆಳಗ್ಗೆ ಬೇಗ ಹೋಗಬೇಕು. ಹಳೆಯ ಗಿರಾಕಿಗಳು ಒಳ್ಳೆಯದನ್ನೆಲ್ಲ ಮೊದಲೇ ಎತ್ತಿಕೊಂಡಿರುತ್ತಾರೆ. ನಿಮ್ಮ ಪಟ್ಟಿಯನ್ನು ವ್ಯಾಪಾರಿಗೆ ತೋರಿಸಬೇಡಿ. ನೀವು ಯಾವುದಕ್ಕಾಗಿ ಬಂದಿದ್ದೀರಿ ಎಂದು ಗೊತ್ತಾದ ಕ್ಷಣವೇ ಅದರ ಬೆಲೆ ಏರುತ್ತದೆ! ನಾಲ್ಕು ಪುಸ್ತಕಗಳ ನಡುವೆ ನಿಮಗೆ ಬೇಕಾದುದನ್ನಿಟ್ಟು ಒಟ್ಟಿಗೆ ಬೆಲೆ ಕೇಳಿ. ಕೊಳ್ಳುವ ಮುನ್ನ ನಡುವಿನ ಹಾಳೆಯನ್ನು ನೋಡಲೇಬೇಕು. ಪಿನ್ನು ತುಕ್ಕು ಹಿಡಿದು ಸಡಿಲವಾದಾಗ ಮೊದಲು ಬಿದ್ದುಹೋಗುವುದು ಅದೇ ಹಾಳೆ. ಅದರೊಂದಿಗೆ ಕಥೆಯ ನಾಲ್ಕು ಪುಟಗಳು ಹೋಗುತ್ತವೆ.

ಇಲ್ಲಿಂದ ಮೆಟ್ರೊ ಹಿಡಿದು ಎಂ.ಜಿ. ರೋಡಿಗೆ ಹೋದರೆ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕಗಳ ಅಂಗಡಿಗಳೂ ಇವೆ. ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಎಲ್ಲವೂ ಅಚ್ಚುಕಟ್ಟು. ಬ್ರಿಗೇಡ್ ರೋಡಿನ ಪಕ್ಕದ ಓಣಿಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್ 1945ರಲ್ಲಿ ಆರಂಭವಾದದ್ದು. ಅಂಥಲ್ಲಿ ಅಪರೂಪದ ಪುಸ್ತಕದ ಬೆಲೆ ಅಂಗಡಿಯವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಟೀಚರ್ ಸಂಬಳದವರಿಗೆ ಬೀದಿಯೇ ಲೇಸು.

ಅವೆನ್ಯೂ ರಸ್ತೆಯಲ್ಲಿ ನನಗೆ ಪರಿಚಯವಾದ ಒಬ್ಬ ಹಿರಿಯ ವ್ಯಾಪಾರಿ ಇದ್ದಾರೆ. ಎಲ್ಲರೂ ಚಾಚಾ ಎನ್ನುತ್ತಾರೆ. ಒಂದು ದಿನ ಕೇಳಿದೆ, "ಚಾಚಾ, ಇಂಗ್ಲಿಷಿನದು ಇಷ್ಟೊಂದು ಸಿಗುತ್ತದೆ. ಕನ್ನಡದ ಇಂದ್ರಜಾಲ, ಕನ್ನಡದ ಹಳೆಯ ಚಿತ್ರಕಥೆ ಯಾಕೆ ಸಿಗುವುದಿಲ್ಲ?"

ಅವರು ನಕ್ಕರು. "ಬೇಟಿ, ನಾವು ರದ್ದಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುತ್ತೇವೆ. ರದ್ದಿಯವನು ಇಂಗ್ಲಿಷ್ ಪುಸ್ತಕ ಕಂಡರೆ ಬದಿಗಿಡುತ್ತಾನೆ, ಅದಕ್ಕೆ ಗಿರಾಕಿ ಇದೆ ಅಂತ ಅವನಿಗೆ ಗೊತ್ತು. ಕನ್ನಡದ ಮಕ್ಕಳ ಪುಸ್ತಕ ನ್ಯೂಸ್‌ಪೇಪರ್ ಜೊತೆ ಕಾಗದದ ಕಾರ್ಖಾನೆಗೆ ಹೋಗುತ್ತದೆ. ನಮ್ಮ ಹತ್ತಿರ ಬರುವುದು ಬದುಕಿ ಉಳಿದದ್ದು ಮಾತ್ರ. ಹೋದದ್ದು ಎಲ್ಲಿಂದ ಹೋಯಿತು? ಮನೆಗಳಿಂದ ತಾನೇ?"

ಆ ಮಾತನ್ನು ನಾನು ಮರೆತಿಲ್ಲ. ಯೋಚಿಸಿ ನೋಡಿ ಸಹೋದರಿಯರೇ. ಸಾವಿರಾರು ಪ್ರತಿ ಅಚ್ಚಾದ ಪುಸ್ತಕ ಅಪರೂಪದ್ದಾಗುವುದು ಎಲ್ಲಿ? ನಮ್ಮ ಮನೆಯ ಹೊಸ್ತಿಲಲ್ಲಿ. ರಮಝಾನ್‌ಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ, ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆ ಖಾಲಿ ಮಾಡುವಾಗ. ರದ್ದಿಯವನು ಗೇಟಿನ ಬಳಿ ಕೂಗಿದಾಗ ಯಾವುದನ್ನು ಕೊಡಬೇಕು, ಯಾವುದನ್ನು ಇಡಬೇಕು ಎಂದು ನಿರ್ಧರಿಸುವವರು ಯಾರು? ಹೆಚ್ಚಾಗಿ ನಾವೇ, ಮನೆಯ ಹೆಂಗಸರು. ಜಮೀನಿನ ಪತ್ರವನ್ನು ಕಬ್ಬಿಣದ ಕಪಾಟಿನಲ್ಲಿ ಭದ್ರವಾಗಿಡುವ ನಾವು ಮಕ್ಕಳ ಪುಸ್ತಕವನ್ನು ತಕ್ಕಡಿಗೆ ಹಾಕುತ್ತೇವೆ. ಮಕ್ಕಳದ್ದು ತಾನೇ ಎಂಬ ತಾತ್ಸಾರ.

ಒಂದು ಹಾಳೆಯ ಬೆಲೆ

ಮಕ್ಕಳದ್ದು ಎಂದು ತಾತ್ಸಾರ ಮಾಡುವವರು ಆಬಿದ್ ಸುರ್ತಿಯವರ ಕಥೆ ಕೇಳಬೇಕು. 1935ರಲ್ಲಿ ಗುಜರಾತಿನಲ್ಲಿ ಹುಟ್ಟಿ ಮುಂಬೈಯಲ್ಲಿ ಬಡತನದಲ್ಲಿ ಬೆಳೆದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದರಿನ ಬಳಿ ರೈಲಿನಲ್ಲಿ ಹೋಗುವ ಸೈನಿಕರು ಎಸೆಯುತ್ತಿದ್ದ ತಿಂಡಿಗಾಗಿ ಮಕ್ಕಳು ಓಡುತ್ತಿದ್ದರಂತೆ. ಒಂದು ದಿನ ಒಬ್ಬ ಸೈನಿಕ ಎಸೆದದ್ದು ಚಿತ್ರಕಥೆಯ ಪುಸ್ತಕ. ಮಕ್ಕಳೆಲ್ಲ ಅದರ ಮೇಲೆ ಬಿದ್ದು ಹರಿದುಕೊಂಡರು. ಪುಟ್ಟ ಆಬಿದ್‌ನ ಕೈಗೆ ಸಿಕ್ಕಿದ್ದು ಒಂದೇ ಹಾಳೆ. ಅದನ್ನು ನೋಡಿ ನೋಡಿ ಚಿತ್ರ ಬರೆಯಲು ಕಲಿತೆ ಎಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಅದೇ ಆಬಿದ್ ಸುರ್ತಿ 1976ರಲ್ಲಿ ಇಂದ್ರಜಾಲಕ್ಕಾಗಿ 'ಬಹಾದೂರ್' ಎಂಬ ನಾಯಕನನ್ನು ಸೃಷ್ಟಿಸಿದರು. ವಿದೇಶಿ ನಾಯಕರೇ ತುಂಬಿದ್ದ ಆ ಮಾಲಿಕೆಯಲ್ಲಿ ಡಕಾಯಿತನ ಮಗನೊಬ್ಬ ಊರವರನ್ನು ಸೇರಿಸಿ ಡಕಾಯಿತರ ವಿರುದ್ಧ ರಕ್ಷಣಾ ದಳ ಕಟ್ಟುವ ಕಥೆ ಅದು. ಅವನ ಜೊತೆಗಾತಿ ಬೇಲಾ ಅಳುತ್ತಾ ನಿಲ್ಲುವವಳಲ್ಲ, ಜೊತೆಗೆ ನಿಂತು ಹೋರಾಡುವವಳು. ಸುರ್ತಿಯವರೇ 2007ರಲ್ಲಿ ಮುಂಬೈ ಪಕ್ಕದ ಮೀರಾ ರೋಡಿನಲ್ಲಿ, ಪ್ಲಂಬರ್ ಒಬ್ಬನನ್ನು ಕರೆದುಕೊಂಡು ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಉಚಿತವಾಗಿ ಸರಿಪಡಿಸುವ ಕೆಲಸ ಆರಂಭಿಸಿದರು. ಅದೂ ಆದಿತ್ಯವಾರಗಳಂದು. ಹರಿದ ಹಾಳೆಯ ಬೆಲೆ ಬಲ್ಲವರಿಗೆ ಒಂದು ಹನಿ ನೀರಿನ ಬೆಲೆಯೂ ತಿಳಿಯುತ್ತದೆ ಎಂದು ನನಗನಿಸುತ್ತದೆ.

ಎಲ್ಲ ಚಿತ್ರಕಥೆಗಳೂ ಕಣ್ಣುಮುಚ್ಚಿ ಮಕ್ಕಳ ಕೈಗೆ ಕೊಡಲು ಯೋಗ್ಯ ಎಂದು ನಾನು ಹೇಳುತ್ತಿಲ್ಲ. ಫ್ಯಾಂಟಮ್ ಕಥೆಗಳಲ್ಲಿ ಕಾಡಿನ ಜನರನ್ನು ಕಾಪಾಡಲು ಯಾವಾಗಲೂ ಒಬ್ಬ ಬಿಳಿಯನೇ ಬರಬೇಕು. ರಾಜರ ಕಥೆಗಳಲ್ಲಿ ಒಬ್ಬ ಪೂರ್ತಿ ಒಳ್ಳೆಯವನು, ಇನ್ನೊಬ್ಬ ಪೂರ್ತಿ ಕೆಟ್ಟವನು. ಚರಿತ್ರೆ ಅಷ್ಟು ಸರಳವಲ್ಲ. ಅದನ್ನೂ ಮಕ್ಕಳ ಜೊತೆ ಕುಳಿತು ಮಾತನಾಡಬೇಕು. ಆದರೆ ಮಾತನಾಡಬೇಕಾದರೆ ಪುಸ್ತಕ ಎದುರಿಗೆ ಇರಬೇಕಲ್ಲ!

ಚಾಂದ್ ಬೀಬಿ ನನಗೆ ಸಿಕ್ಕಿದರು. ಐದನೇ ಸಲದ ಹುಡುಕಾಟದಲ್ಲಿ, ಅಡುಗೆ ಪುಸ್ತಕ ಮತ್ತು ಟ್ಯಾಲಿ ಕಲಿಕೆಯ ಪುಸ್ತಕಗಳ ನಡುವೆ. ಇಂಗ್ಲಿಷ್ ಪ್ರತಿ. ತೆರೆದು ನೋಡಿದರೆ ನಡುವಿನ ಹಾಳೆ ಇರಲಿಲ್ಲ. ಆದರೂ ಕೊಂಡೆ. ಆ ಹುಡುಗಿ ಮತ್ತು ಅವಳ ಗೆಳತಿಯರು ಗ್ರಂಥಾಲಯದ ಇತಿಹಾಸ ಪುಸ್ತಕ ಓದಿ, ಇಲ್ಲದ ನಾಲ್ಕು ಪುಟಗಳ ಕಥೆಯನ್ನು ಕನ್ನಡದಲ್ಲಿ ತಾವೇ ಬರೆದು ಒಳಗಿಟ್ಟಿದ್ದಾರೆ. ನಿಜವಾದ ಹಾಳೆಗಾಗಿ ಹುಡುಕಾಟ ಇನ್ನೂ ನಡೆದಿದೆ. ಪಟ್ಟಿಯಲ್ಲಿ ಆ ಹೆಸರಿನ ಎದುರು ಅವಳು ಅರ್ಧ ಗುರುತು ಮಾತ್ರ ಹಾಕಿದ್ದಾಳೆ!

ಕೊನೆಯದಾಗಿ ನಿಮ್ಮಲ್ಲೊಂದು ವಿನಂತಿ. ಮುಂದಿನ ಸಲ ಅಟ್ಟ ಗುಡಿಸುವಾಗ ಪುಸ್ತಕದ ಕಟ್ಟನ್ನು ಹಾಗೆಯೇ ಗೇಟಿಗೆ ಸಾಗಿಸಬೇಡಿ. ಬಿಚ್ಚಿ ನೋಡಿ. ಹಳೆಯ ಚಿತ್ರಕಥೆ ಸಿಕ್ಕಿದರೆ ಧೂಳು ಒರೆಸಿ, ತುಕ್ಕು ಹಿಡಿದ ಪಿನ್ನು ಮೆಲ್ಲನೆ ತೆಗೆದು ಹತ್ತಿ ನೂಲಿನಿಂದ ಹೊಲಿಯಿರಿ. ಸೆಲ್ಲೊ ಟೇಪ್ ಬೇಡ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನು ಕೆಡಿಸುತ್ತದೆ. ಬೈಂಡ್ ಮಾಡಿಸುವುದಾದರೆ ಮುಖಪುಟ ಕಿತ್ತುಹಾಕದಂತೆ, ಅಂಚು ಕತ್ತರಿಸದಂತೆ ಹೇಳಿ. ಬಿಸಿಲು, ತೇವ ತಾಗದ ಕಪಾಟಿನಲ್ಲಿಡಿ. ನಮ್ಮ ಕರಾವಳಿಯ ಮಳೆಗಾಲ ಕಾಗದಕ್ಕೆ ಶತ್ರು. ನಿಮಗೆ ಬೇಡವಾದರೆ ಹತ್ತಿರದ ಶಾಲೆಗೋ ಮದ್ರಸಕ್ಕೋ ಕೊಡಿ.

ಅದರಲ್ಲೂ ಕನ್ನಡದ್ದು ಸಿಕ್ಕಿದರೆ, ಸಂಖ್ಯೆ 1ರಿಂದ 10ರೊಳಗೆ ಇದ್ದರೆ, ದಯವಿಟ್ಟು ಎರಡು ಸಲ ನೋಡಿ. ಬೆಂಗಳೂರಿನ ಬೀದಿಯಲ್ಲಿ ಜನ ವರ್ಷಗಟ್ಟಲೆ ಹುಡುಕುತ್ತಿರುವುದು ನಿಮ್ಮ ಉಮ್ಮನ ಹಳೆಯ ಪೆಟ್ಟಿಗೆಯ ತಳದಲ್ಲಿ ಇರಬಾರದೆಂದೇನೂ ಇಲ್ಲ.