ಅದುರುವುದಕ್ಕೂ ಜಾಗ ಬೇಕು

ನಿಂತ ಕಾರು ಅದುರುವಷ್ಟು ಓಡುವ ಕಾರು ಅದುರುವುದಿಲ್ಲ. ಮಾಗಡಿ ಕೋಟೆ ಬಳಿ ಕುರಿಮಂದೆ ದಾಟಲಿ ಎಂದು ನಮ್ಮ ಹಳೇ ಟರ್ಬೊ ಡೀಸೆಲ್ ಕಾರನ್ನು ನಿಲ್ಲಿಸಿದರೆ ಸಾಕು, ಗೇರ್ ರಾಡು ಕುಣಿಯುತ್ತಿತ್ತು, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡಾಗುತ್ತಿತ್ತು. ಬೆಂಗಳೂರು ರಸ್ತೆ ಹಿಡಿದರೆ ಅದೇ ಕಾರು ಪರಮ ಸಾಧು.

ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಇದು ಹುಟ್ಟುಗುಣ. ಎರಡು ಪಿಸ್ಟನ್ ಮೇಲೇರುವಾಗ ಎರಡು ಇಳಿಯುತ್ತವೆ, ಲೆಕ್ಕ ಸರಿಹೋಗಬೇಕು. ಹೋಗುವುದಿಲ್ಲ. ಕನೆಕ್ಟಿಂಗ್ ರಾಡು ಓರೆಯಾಗುವುದರಿಂದ ಪಿಸ್ಟನ್ನಿನ ವೇಗ ಮೇಲರ್ಧದಲ್ಲಿ ಒಂದು, ಕೆಳಗರ್ಧದಲ್ಲಿ ಇನ್ನೊಂದು. ಹೀಗೆ ಮಿಕ್ಕ ಒದೆತ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ಬೀಳುತ್ತದೆ. ಡೀಸೆಲ್ ಹೊತ್ತಿಕೊಳ್ಳುವುದೂ ಸುತ್ತಿಗೆ ಎರಡು ಸಲವೇ. ಐಡಲಿನಲ್ಲಿ ನಿಮಿಷಕ್ಕೆ 750 ಸುತ್ತು ಎಂದರೆ ಸೆಕೆಂಡಿಗೆ 25 ಗುದ್ದು.

ಬೈಗುಳ ಮಾತ್ರ ಟರ್ಬೊಗೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟಿಗೆ ಹಾಕಿದ, ಹೊರಹೋಗುವ ಹೊಗೆಯಿಂದಲೇ ಇಂಜಿನ್ನಿಗೆ ಗಾಳಿ ತುಂಬುವ ಈ ಉಪಾಯ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗಿದರೂ ಎಣ್ಣೆಯ ತೆಳುಪದರದ ಮೇಲೆ ತೇಲುತ್ತಿರುತ್ತದೆ. ಅದರ ತಪ್ಪೇನಿದ್ದರೂ ಬಿಸಿಯದು, ಹೆಚ್ಚಿಸಿಕೊಟ್ಟ ತಿರುಚುಬಲದ್ದು. ಡೀಸೆಲ್ಲಿಗೆ ಟರ್ಬೊ ಬಂದ ಈ ಬದಲಾವಣೆ ಪಕ್ಕದ ಬಿಡದಿಯ ಕಾರು ಕಾರ್ಖಾನೆಯಲ್ಲೇ ನಡೆಯಿತು: 2000ದಲ್ಲಿ ರಸ್ತೆಗಿಳಿದ ಕ್ವಾಲಿಸ್‌ನ ಡೀಸೆಲ್ ಇಂಜಿನ್ನಿಗೆ ಟರ್ಬೊ ಇರಲಿಲ್ಲ, 2005ರ ಇನ್ನೋವಾ ಡೀಸೆಲ್ಲಿಗೆ ಇತ್ತು.

ನಮ್ಮ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆಸಿ, ಹುಡುಗನಿಗೆ ಬ್ರೇಕ್ ತುಳಿದುಕೊಂಡೇ ಕ್ಲಚ್ಚನ್ನು ಒಂದಿಷ್ಟು ಬಿಡಲು ಹೇಳಿದರು. ತಾವು ಪಕ್ಕಕ್ಕೆ ಸರಿದು ನಿಂತರು. ಇಂಜಿನ್ ಇಡಿಯಾಗಿ ಒಂದು ಮಗ್ಗುಲಿಗೆ ವಾಲಿ, ಠಕ್ಕೆಂದು ಕೂತಿತು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟರ್ಬೊ ಮೇಲಿನ ತಗಡಿನ ಕವಚಕ್ಕೆ ಒತ್ತಿದರು. ನಾನು ಇಂಜಿನ್ನಿನ ಒಳರೋಗ ಎಂದುಕೊಂಡಿದ್ದ ಝಣಝಣ ತಟ್ಟನೆ ನಿಂತಿತು. ಒಂದು ಬೋಲ್ಟು ಬಿದ್ದುಹೋಗಿತ್ತು, ಅಷ್ಟೆ.

ಇಂಜಿನ್ನನ್ನು ಹೊತ್ತು ಕೂತಿದ್ದ ರಬ್ಬರಿನ ಮೌಂಟಿಂಗ್ ಬಿಚ್ಚಿ ಕೈಗಿತ್ತರು. ರಬ್ಬರು ಬಿಸಿಗೆ ಬೆಂದು ಒಣಕೊಬ್ಬರಿಯಂತಾಗಿತ್ತು, ಅಂಚಿನಲ್ಲಿ ಉಗುರು ತೂರುವಷ್ಟು ಬಿರುಕು. ಇದಕ್ಕಿಂತ ಗಟ್ಟಿಯದು ಹಾಕಿ ಬಿಗಿಮಾಡಿಬಿಡಿ ಎಂದೆ.

"ಬಿಗಿ ಮಾಡುದ್ರೆ ಅದುರು ನಿಲ್ಲಕ್ಕಿಲ್ಲ ಮೇಷ್ಟ್ರೇ, ಸೀದಾ ಸೀಟಿಗೇ ಬತ್ತದೆ. ಅದು ಅಲ್ಲೇ ಅದುರ್ಕೊಂಡಿರ್ಲಿ ಬುಡಿ."

ಅಮೆರಿಕದ ಕ್ರೈಸ್ಲರ್ ಕಂಪನಿ 1931ರಲ್ಲಿ ಪ್ಲಿಮತ್ ಕಾರಿಗೆ ಮಾಡಿದ್ದೂ ಇದನ್ನೇ. ಅಷ್ಟೂ ದಿನ ಚಾಸಿಗೆ ಬಿಗಿದು ಕೂರಿಸುತ್ತಿದ್ದ ಇಂಜಿನ್ನನ್ನು ಅದರ ತೂಕದ ನಡುಗೆರೆಗೆ ಸರಿಯಾಗಿ ರಬ್ಬರಿನ ಮೇಲೆ ಕೂರಿಸಿ, ತೂಗಾಡಲು ಬಿಟ್ಟರು. 'ತೇಲುವ ಶಕ್ತಿ' ಎಂದು ಜಾಹೀರಾತು ಹೊಡೆದರು. ಆ ಹಕ್ಕು ಕೊಂಡ ಫ್ರಾನ್ಸಿನ ಸಿಟ್ರೊಯೆನ್ ತನ್ನ ಲಾಂಛನದ ಮುಂದೆ ಈಜುವ ಹಂಸವನ್ನೇ ಕೂರಿಸಿತು. ಆ ಹಂಸ ನನಗೆ ಬಹಳ ಇಷ್ಟ. ಈಗಿನ ಕಾರಿನವರಿಗೆ ಇಷ್ಟು ರಸಿಕತೆ ಎಲ್ಲಿ? ಮೌಂಟಿಂಗಿನೊಳಗೆ ಗ್ಲೈಕಾಲ್ ದ್ರವ ತುಂಬುವಷ್ಟು ಜಾಣರಾಗಿದ್ದಾರೆ, ಅದರ ಬಗ್ಗೆ ಒಂದು ಚಿತ್ರ ಬರೆಸುವುದಿಲ್ಲ.

ಹೊಸ ರಬ್ಬರು ಕೂತಿತು. ಗಟ್ಟಿ ಪಾಲಿಯುರಥೇನಿನದು ಬೇಡವೆಂದು ಮೇಸ್ತ್ರಿಯೇ ಹಟಹಿಡಿದಿದ್ದರು. ಮಂಚನಬೆಲೆ ಕಡೆ ಒಂದು ಸುತ್ತು ಹೋದೆವು. ಇಂಜಿನ್ ನಿಶ್ಶಬ್ದವಾಗುತ್ತಲೇ ಹಿಂದಿನ ಬಾಗಿಲು, ಡ್ಯಾಶ್‌ಬೋರ್ಡು, ಸೀಟಿನ ಕಂಬಿ ಒಂದೊಂದಾಗಿ ಬಾಯಿಬಿಡತೊಡಗಿದವು. ನನ್ನಾಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ರೀ, ಇವೆಲ್ಲ ಈಗ ಹಾಳಾದವಾ, ಮೊದಲಿಂದ್ಲೂ ಹಿಂಗೇ ಇದ್ವಾ?" ಎಂದಳು.